ಸಮ್ಮಾ ವಾಚಾ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ

ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಚಾ ಪಾಠ ಬಂದಾಗಲೆಲ್ಲ ನಮ್ಮ ಹುಡುಗರು ಒಂದೇ ಪ್ರಶ್ನೆ ಕೇಳುತ್ತಾರೆ. "ಕಟು ಮಾತು ಬೇಡ ಅಂದರೆ ಅನ್ಯಾಯ ಮಾಡಿದವರ ಎದುರೂ ಮೆತ್ತಗೆ ಇರಬೇಕಾ? ತಲೆತಲಾಂತರದಿಂದ ನಮ್ಮವರಿಗೆ ಹೇಳಿಕೊಂಡು ಬಂದದ್ದೂ ಅದೇ ಅಲ್ವಾ, ತಗ್ಗಿ ಬಗ್ಗಿ ಇರಿ ಅಂತ?"

ಪ್ರಶ್ನೆ ನ್ಯಾಯವಾಗಿದೆ. ಇದನ್ನು ಇಂದು ಒಂದು ಫುಟ್‌ಬಾಲ್ ಪ್ರಸಂಗದ ಮೂಲಕ ನೋಡೋಣ. ಆಟದ ವಿಷಯ ಧಮ್ಮ ಚಿಂತನೆಯಲ್ಲಿ ಏಕೆ ಎನ್ನಬೇಡಿ. ಬೆಂಗಳೂರಿನ ಹಲಸೂರು ಕಡೆಯ ಗೌತಮಪುರದಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಪ್ರತಿಮೆಗಳ ಜೊತೆಗೇ ಪೆಲೆಯ ಪ್ರತಿಮೆಯೂ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ರಾತ್ರಿ ಎದ್ದು ಕೂತು ಇಂಗ್ಲೆಂಡಿನ ಮ್ಯಾಚ್ ನೋಡುತ್ತಾರೆ.

*ಏನಾಯಿತು?*

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಕೊಂಡುಕೊಂಡಿತು. ಬೆಲೆ ಸುಮಾರು 79 ಕೋಟಿ ಪೌಂಡ್. ಅದರಲ್ಲಿ ದೊಡ್ಡ ಪಾಲು ಸಾಲದ ಹಣ, ಆ ಸಾಲದ ಹೊರೆ ಬಿದ್ದದ್ದು ಕ್ಲಬ್ಬಿನ ತಲೆಯ ಮೇಲೆಯೇ. ಅಲ್ಲಿಯವರೆಗೆ ಸಾಲವಿಲ್ಲದೆ ನಡೆಯುತ್ತಿದ್ದ ಕ್ಲಬ್ಬು ತನ್ನನ್ನು ಕೊಂಡವರ ಸಾಲಕ್ಕೆ ತಾನೇ ಬಡ್ಡಿ ಕಟ್ಟುವಂತಾಯಿತು. ಅಭಿಮಾನಿಗಳು ಅಂದಿನಿಂದಲೇ ವಿರೋಧಿಸಿದರು. 2010ರಲ್ಲಿ ಕ್ಲಬ್ಬಿನ ಹಳೆಯ ಬಣ್ಣಗಳಾದ ಹಸಿರು ಮತ್ತು ಹೊನ್ನಿನ ಬಣ್ಣದ ಸ್ಕಾರ್ಫ್ ಹಾಕಿಕೊಂಡು ಸಾವಿರಾರು ಜನ ಮೈದಾನಕ್ಕೆ ಬಂದರು. 2021ರ ಮೇ 2ರಂದು ಮೈದಾನದ ಒಳಗೇ ನುಗ್ಗಿದರು, ಲಿವರ್‌ಪೂಲ್ ಜೊತೆಗಿನ ಮ್ಯಾಚ್ ಮುಂದಕ್ಕೆ ಹೋಯಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ತಮ್ಮ ಹಳೆಯ ಕ್ಲಬ್ಬಿಗೆ ಮರಳಿದರು. ಆ ಸೀಸನ್‌ನಲ್ಲಿ 24 ಗೋಲು ಹೊಡೆದರು. ಮುಂದಿನ ಸೀಸನ್‌ಗೆ ಎರಿಕ್ ಟೆನ್ ಹಾಗ್ ಎಂಬ ಹೊಸ ಕೋಚ್ ಬಂದರು. 37 ವರ್ಷದ ರೊನಾಲ್ಡೊ ಬೆಂಚಿನ ಮೇಲೆ ಕೂರುವುದು ಹೆಚ್ಚಾಯಿತು. 2022ರ ಅಕ್ಟೋಬರ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧದ ಮ್ಯಾಚಿನಲ್ಲಿ ಬದಲಿ ಆಟಗಾರನಾಗಿ ಇಳಿಯಲು ಒಪ್ಪದೆ, ಆಟ ಮುಗಿಯುವ ಮೊದಲೇ ಎದ್ದು ಹೋದರು. ನವೆಂಬರ್‌ನಲ್ಲಿ ಪಿಯರ್ಸ್ ಮಾರ್ಗನ್ ಎಂಬ ಪತ್ರಕರ್ತನ ಟೀವಿ ಸಂದರ್ಶನದಲ್ಲಿ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಟ್ಟರು. ಮಾಲೀಕರಿಗೆ ಆಟದ ಬಗ್ಗೆ ಕಾಳಜಿ ಇಲ್ಲ, ಫರ್ಗ್ಯುಸನ್ ಹೋದ ಮೇಲೆ ಕ್ಲಬ್ಬು ಮುಂದೆ ಹೋಗಿಲ್ಲ, ತನಗೆ ದ್ರೋಹವಾಗಿದೆ, ಕೋಚ್ ಬಗ್ಗೆ ತನಗೆ ಗೌರವವಿಲ್ಲ ಎಂದರು. ನವೆಂಬರ್ 22ರಂದು ಇಬ್ಬರ ಒಪ್ಪಿಗೆಯ ಮೇಲೆ ಒಪ್ಪಂದ ಮುಗಿಯಿತು.

ಅಭಿಮಾನಿಗಳು ಎರಡಾಗಿ ಒಡೆದರು. ಒಂದು ಗುಂಪು, "ಮಾಲೀಕರ ಮುಖಕ್ಕೆ ಸತ್ಯ ಹೇಳಿದ ಗಂಡು" ಎಂದಿತು. ಇನ್ನೊಂದು ಗುಂಪು, "ಆಡಲು ಜಾಗ ಸಿಗಲಿಲ್ಲ, ಅದಕ್ಕೇ ಈ ಕೂಗಾಟ" ಎಂದಿತು. ಇಷ್ಟೊಂದು ಸಂಬಳ ತೆಗೆದುಕೊಂಡು ಕ್ಲಬ್ಬನ್ನೇ ಬೈಯುವುದೇ ಎಂದವರೂ ಇದ್ದರು.

*ಉಂಡ ಮನೆಯ ಮಾತು*

ಮೊದಲು ಈ ಕೊನೆಯ ವಾದವನ್ನು ನೋಡೋಣ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತು ನಮಗೆಲ್ಲ ಗೊತ್ತು. ನಮ್ಮ ಹಿರಿಯರು ಜೀತ ಮಾಡಿದ ಮನೆಗಳಲ್ಲೂ ಇದನ್ನೇ ಹೇಳುತ್ತಿದ್ದರು. ದುಡಿದವರು ನಾವು, ಉಂಡವರು ಅವರು, ಆದರೂ ಋಣ ಮಾತ್ರ ನಮ್ಮ ಮೇಲೆ. ರೊನಾಲ್ಡೊ ಜೀತದಾಳಲ್ಲ, ಕೋಟಿಗಟ್ಟಲೆ ಗಳಿಸಿದ ಆಟಗಾರ. ಅವರ ನೋವನ್ನು ನಮ್ಮವರ ನೋವಿನ ಜೊತೆ ತೂಗುವುದು ಸರಿಯಲ್ಲ. ಆದರೆ ಸಂಬಳ ಕೊಟ್ಟವನು ಬಾಯಿಯನ್ನೂ ಕೊಂಡುಕೊಂಡ ಎಂಬ ವಾದವನ್ನು ನಾವು ಯಾರ ವಿಷಯದಲ್ಲೂ ಒಪ್ಪಬಾರದು. ಇವತ್ತು ಅವರ ಮೇಲೆ ಒಪ್ಪಿದರೆ ನಾಳೆ ಅದೇ ವಾದ ಗುತ್ತಿಗೆ ಪೌರಕಾರ್ಮಿಕರ ಮೇಲೆ ಬರುತ್ತದೆ.

*ಬುದ್ಧರು ಕಟು ಸತ್ಯವನ್ನು ಬೇಡ ಎಂದರೇ?*

ಇಲ್ಲ. ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ರಾಜಕುಮಾರ ಅಭಯ ಬುದ್ಧರನ್ನು ಇಕ್ಕಟ್ಟಿಗೆ ಸಿಲುಕಿಸಲು ಬರುತ್ತಾನೆ. ಬೇರೆಯವರಿಗೆ ಅಪ್ರಿಯವಾದ ಮಾತನ್ನು ತಾವು ಆಡುತ್ತೀರಾ ಎಂದು ಕೇಳುತ್ತಾನೆ. ಆಡುತ್ತೇನೆ ಎಂದರೆ ನಿಮಗೂ ಸಾಮಾನ್ಯರಿಗೂ ಏನು ವ್ಯತ್ಯಾಸ ಎನ್ನಬಹುದು. ಇಲ್ಲ ಎಂದರೆ ದೇವದತ್ತನಿಗೆ ಹೇಳಿದ ಕಟು ಮಾತನ್ನು ಎತ್ತಿ ತೋರಿಸಬಹುದು. ಬುದ್ಧರು ಅಭಯನ ತೊಡೆಯ ಮೇಲಿದ್ದ ಮಗುವನ್ನು ತೋರಿಸಿ ಕೇಳಿದರು: ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯ? ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ ಎಂದ ಅಭಯ. ಏಕೆಂದರೆ ಮಗುವಿನ ಮೇಲೆ ಕರುಣೆ.

ಸತ್ಯವಾದ, ಹಿತವಾದ ಮಾತು ಕೇಳುವವರಿಗೆ ಅಪ್ರಿಯವಾದರೂ ತಥಾಗತರು ಅದನ್ನು ಆಡುತ್ತಾರೆ. ಆದರೆ ಸಮಯ ನೋಡಿ ಆಡುತ್ತಾರೆ. ಹುಡುಗರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಸಮ್ಮಾ ವಾಚಾ ರಕ್ತ ಬರುವುದಕ್ಕೆ ಹೆದರುವುದಿಲ್ಲ. ಬೆರಳು ಹಾಕಿದ್ದು ಕಲ್ಲು ತೆಗೆಯಲಿಕ್ಕೋ, ಗಾಯ ಮಾಡಲಿಕ್ಕೋ ಎಂದು ಕೇಳುತ್ತದೆ.

*ಐದು ಒರೆಗಲ್ಲು*

ಅಂಗುತ್ತರ ನಿಕಾಯದ ವಾಚಾ ಸುತ್ತದಲ್ಲಿ ಒಳ್ಳೆಯ ಮಾತಿಗೆ ಐದು ಲಕ್ಷಣ ಹೇಳಿದೆ. ಆ ಸಂದರ್ಶನವನ್ನು ಒಂದೊಂದಾಗಿ ಒರೆಗೆ ಹಚ್ಚೋಣ.

1. ಸಕಾಲಿಕವೇ? 2021ರಲ್ಲಿ ಮರಳಿ ಬಂದಾಗಲೂ ಅದೇ ಮಾಲೀಕರು, ಅದೇ ಸಾಲ. ಆಗ ಬಾರದ ಮಾತು ಬೆಂಚಿನ ಮೇಲೆ ಕೂತ ನಂತರ ಬಂತು. ಜನಕ್ಕೆ ಅನುಮಾನ ಬಂದದ್ದು ಇಲ್ಲಿಯೇ.

2. ಸತ್ಯವೇ? ಮಾಲೀಕರು ಕ್ಲಬ್ಬಿನ ಮೇಲೆ ಹೊರಿಸಿದ ಸಾಲ ಎಲ್ಲರಿಗೂ ಗೊತ್ತಿದ್ದ ಸತ್ಯ. ಅಭಿಮಾನಿಗಳು 17 ವರ್ಷದಿಂದ ಅದನ್ನೇ ಹೇಳುತ್ತಿದ್ದರು. ರೊನಾಲ್ಡೊ ಹೇಳಿದ್ದರಿಂದ ಅದು ಸತ್ಯವಾಗಲಿಲ್ಲ, ಅವರು ಸಿಟ್ಟಿನಲ್ಲಿ ಹೇಳಿದ್ದರಿಂದ ಸುಳ್ಳೂ ಆಗಲಿಲ್ಲ.

3. ಮೃದುವೇ? ತನ್ನನ್ನು ಟೀಕಿಸಿದ ಹಳೆಯ ಜೊತೆಗಾರ ರೂನಿಯ ವಿಷಯ ಬಂದಾಗ, ಅವನಿಗಿಂತ ನಾನು ನೋಡಲು ಚೆನ್ನಾಗಿದ್ದೇನೆ ಎಂಬ ಅರ್ಥದ ಮಾತು ಬಂತು. ಕ್ಲಬ್ಬಿನ ಆಡಳಿತಕ್ಕೂ ರೂನಿಯ ರೂಪಕ್ಕೂ ಏನು ಸಂಬಂಧ? ಹಂಗಿಸುವ ಒಂದು ಮಾತು ಬಂದರೆ ಸಾಕು, ಎದುರಾಳಿಗಳು ಅದನ್ನೇ ಹಿಡಿದುಕೊಂಡು ಉಳಿದ ಹತ್ತು ಸತ್ಯಗಳನ್ನು ಬದಿಗೆ ಸರಿಸುತ್ತಾರೆ.

4. ಹಿತಕರವೇ? ಕ್ಲಬ್ಬಿನ ಹಿತ ಮತ್ತು ತನ್ನ ಜಾಗ, ಇವೆರಡೂ ಆ ಮಾತಿನಲ್ಲಿ ಕಲಸಿಹೋಗಿದ್ದವು. ಮಾಲೀಕರ ಮೇಲಿನ ದೂರು ಎಲ್ಲರದು. ಕೋಚ್ ತನ್ನನ್ನು ಆಡಿಸಲಿಲ್ಲ ಎಂಬ ದೂರು ಒಬ್ಬರದು. ಕಲಸಿ ಕೊಟ್ಟಾಗ ಕೇಳುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

5. ಮೈತ್ರಿಯಿಂದ ಬಂದದ್ದೇ? ಬೇರೆಯವರ ಮನಸ್ಸಿನೊಳಗೆ ಇಳಿದು ತೀರ್ಪು ಕೊಡಲು ನಮಗೆ ಅಧಿಕಾರವಿಲ್ಲ. ಆ ಮನುಷ್ಯ ಅದೇ ವರ್ಷ ಹುಟ್ಟುವಾಗಲೇ ಒಂದು ಮಗುವನ್ನು ಕಳೆದುಕೊಂಡಿದ್ದ ತಂದೆ. ಜುಲೈನಲ್ಲಿ ಮಗಳು ಆಸ್ಪತ್ರೆಯಲ್ಲಿದ್ದಾಗ ಕ್ಲಬ್ಬಿನವರು ತನ್ನ ಮಾತನ್ನು ಪೂರ್ತಿ ನಂಬಲಿಲ್ಲ ಎಂಬ ನೋವೂ ಆ ಸಂದರ್ಶನದಲ್ಲಿತ್ತು. ಈ ಐದನೆಯ ಒರೆಗಲ್ಲು ಇರುವುದು ನಮ್ಮ ಮಾತನ್ನು ನಾವು ತಿಕ್ಕಿ ನೋಡಿಕೊಳ್ಳಲು.

*ಕೇಳುವವರ ಕರ್ತವ್ಯ*

ಮಾತಾಡಿದವರನ್ನು ಅಳೆದದ್ದಾಯಿತು. ಈಗ ಕೇಳಿದವರನ್ನು ನೋಡೋಣ. ಅಭಿಮಾನಿಗಳ ಎರಡೂ ಗುಂಪು ಮಾಡಿದ ತಪ್ಪು ಒಂದೇ. ಏನು ಹೇಳಿದ ಎಂದು ನೋಡದೆ ಯಾರು ಹೇಳಿದ ಎಂದು ನೋಡಿದರು. ಒಬ್ಬರು ರೊನಾಲ್ಡೊ ಹೇಳಿದ್ದೆಲ್ಲ ಸರಿ ಎಂದರು. ಇನ್ನೊಬ್ಬರು ರೊನಾಲ್ಡೊ ಹೇಳಿದ್ದೆಲ್ಲ ಸ್ವಾರ್ಥ ಎಂದರು. ಈ ಗದ್ದಲದಲ್ಲಿ ಸಾಲದ ಪ್ರಶ್ನೆ ಹಿಂದೆ ಸರಿಯಿತು. ಅದರಿಂದ ಲಾಭವಾದದ್ದು ಮಾಲೀಕರಿಗೆ.

ಇದು ಹೊಸದಲ್ಲ. ಕೋಸಂಬಿಯಲ್ಲಿ ಒಬ್ಬ ಭಿಕ್ಖು ಬಚ್ಚಲಲ್ಲಿ ಬಳಸಿದ ಪಾತ್ರೆಯಲ್ಲಿ ನೀರು ಉಳಿಸಿದ್ದ. ಅದು ತಪ್ಪೋ ಅಲ್ಲವೋ ಎಂಬುದರ ಮೇಲೆ ಇಬ್ಬರು ಗುರುಗಳ ನಡುವೆ ಮಾತು ಬೆಳೆಯಿತು. ಶಿಷ್ಯರು ಎರಡು ಪಕ್ಷವಾದರು. ಬುದ್ಧರೇ ಬಂದು ಹೇಳಿದರೂ ಕೇಳಲಿಲ್ಲ. ಕೊನೆಗೆ ಬುದ್ಧರು ಅವರನ್ನು ಬಿಟ್ಟು ಪಾರಿಲೇಯ್ಯಕ ಕಾಡಿಗೆ ಹೊರಟುಹೋದರು. ಆಗ ಉಪಾಸಕರು ಭಿಕ್ಷೆ ನಿಲ್ಲಿಸಿದರು. ಭಿಕ್ಖುಗಳಿಗೆ ಆಗ ಬುದ್ಧಿ ಬಂತು. ಒಂದು ಪಾತ್ರೆ ನೀರಿನ ಜಗಳವನ್ನು ಅಷ್ಟು ದೊಡ್ಡದು ಮಾಡಿದ್ದು ಹಿಂಬಾಲಕರ ಪಕ್ಷಪಾತ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದೂ ಇದನ್ನೇ. ರಾಜಕೀಯದಲ್ಲಿ ವ್ಯಕ್ತಿಪೂಜೆ ಮಾಡಿದರೆ ಅದು ಅವನತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ಕರೆದೊಯ್ಯುತ್ತದೆ ಎಂದರು. ಬೌದ್ಧ ಸಂಘಗಳು ಮತ ಹಾಕಿ ತೀರ್ಮಾನ ಮಾಡುತ್ತಿದ್ದವು, ಅವು ನಿಯಮ ಬಲ್ಲ ಸಭೆಗಳಾಗಿದ್ದವು ಎಂದು ನೆನಪಿಸಿದ್ದೂ ಅದೇ ಭಾಷಣದಲ್ಲಿ. ಮ್ಯಾಂಚೆಸ್ಟರ್‌ನಲ್ಲೂ ಕೆಲವರು ಆ ದಾರಿ ಹಿಡಿದಿದ್ದರು. 2005ರಲ್ಲೇ ಒಂದಷ್ಟು ಅಭಿಮಾನಿಗಳು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ತಮ್ಮದೇ ಸಣ್ಣ ಕ್ಲಬ್ಬು ಕಟ್ಟಿದರು. ಅಲ್ಲಿ ಸದಸ್ಯರೇ ಮಾಲೀಕರು, ಒಬ್ಬರಿಗೆ ಒಂದು ಮತ. ಅವರು ಯಾವ ತಾರೆಯ ಸಂದರ್ಶನಕ್ಕೂ ಕಾದು ಕೂರಲಿಲ್ಲ.

*ಬಾಬಾಸಾಹೇಬರು ಹೊರಗೆ ಬಂದ ರೀತಿ*

ಒಂದು ಸಂಸ್ಥೆಯ ಒಳಗಿದ್ದು, ಅದರ ನಡವಳಿಕೆ ಒಪ್ಪದೆ, ಎಲ್ಲರ ಎದುರು ಹೇಳಿ ಹೊರಬರುವುದು ಹೇಗೆ? ನಮ್ಮ ಮುಂದೆ 1951 ಇದೆ. ಆ ವರ್ಷ ಸೆಪ್ಟೆಂಬರ್ 27ರಂದು ಬಾಬಾಸಾಹೇಬರು ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಪತ್ರ ಬರೆದರು. ಅಕ್ಟೋಬರ್‌ನಲ್ಲಿ ಸಂಸತ್ತಿನಲ್ಲಿ ಕಾರಣ ಹೇಳಲು ನಿಂತಾಗ, ಹೇಳಿಕೆಯ ಪ್ರತಿ ಮೊದಲೇ ಕೊಡಬೇಕೆಂಬ ತಕರಾರು ಬಂತು. ಅವರು ಸದನದಿಂದ ಹೊರನಡೆದು ಆ ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಸುಮ್ಮನಿರಲಿಲ್ಲ.

ಆ ಹೇಳಿಕೆಯನ್ನು ಓದಿ ನೋಡಿ. ತಮಗೆ ಕಾನೂನು ಬಿಟ್ಟು ಬೇರೆ ಖಾತೆ ಕೊಡಲಿಲ್ಲ ಎಂಬ ಸ್ವಂತ ವಿಷಯವೂ ಅದರಲ್ಲಿದೆ. ಅವರು ಅದನ್ನು ಮುಚ್ಚಿಡಲಿಲ್ಲ. ಆದರೆ ಅದನ್ನು ಅದರ ಜಾಗದಲ್ಲಿಟ್ಟು, ಪರಿಶಿಷ್ಟ ಜಾತಿಗಳ ಕಡೆಗಣನೆ, ಹಿಂದುಳಿದ ವರ್ಗಗಳ ಆಯೋಗ ನೇಮಿಸದಿರುವುದು, ವಿದೇಶಾಂಗ ನೀತಿ, ಮಂತ್ರಿಮಂಡಲ ನಡೆಯುವ ರೀತಿ, ಕೊನೆಗೆ ಹಿಂದೂ ಕೋಡ್ ಬಿಲ್, ಹೀಗೆ ಒಂದೊಂದನ್ನೂ ಬಿಡಿಸಿ ಕಾರಣ ಕೊಟ್ಟರು. ಮಾತು ಕಟುವಾಗಿಯೇ ಇತ್ತು. ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾಗಿತ್ತು. ಸ್ವಂತ ಗಾಯವನ್ನು ಮರೆಯಬೇಕಾಗಿಲ್ಲ, ಅದನ್ನು ಎಲ್ಲರ ಗಾಯದ ಜೊತೆ ಕಲಸಬಾರದು ಎಂಬುದನ್ನು ಇಲ್ಲಿ ಕಲಿಯಬಹುದು.

*ನಮ್ಮ ಅಂಗಳದಲ್ಲಿ*

ಇದೆಲ್ಲ ದೂರದ ಕಥೆಯಲ್ಲ. ನಮ್ಮ ವಿಹಾರ ಸಮಿತಿಗಳಲ್ಲಿ, ಸಂಘಟನೆಗಳಲ್ಲಿ ಏನಾಗುತ್ತಿದೆ? ಜಯಂತಿಯ ಲೆಕ್ಕ ಕೇಳಿದವನಿಗೆ "ನಿನಗೆ ವೇದಿಕೆಯಲ್ಲಿ ಕುರ್ಚಿ ಸಿಗಲಿಲ್ಲ, ಅದಕ್ಕೇ ಕೇಳ್ತೀಯ" ಎನ್ನುತ್ತೇವೆ. ಕೆಲವೊಮ್ಮೆ ಅದು ನಿಜವೂ ಇರುತ್ತದೆ. ಆದರೂ ಲೆಕ್ಕ ಕೇಳಿದ ಪ್ರಶ್ನೆ ಹಾಗೇ ಉಳಿಯುತ್ತದೆ. ಕುರ್ಚಿಯ ಸಿಟ್ಟು ಬೇರೆ, ಲೆಕ್ಕ ಬೇರೆ. ಸಿಟ್ಟಿಗೆ ಸಮಾಧಾನ ಹೇಳಿ, ಲೆಕ್ಕಕ್ಕೆ ಲೆಕ್ಕ ಕೊಡಿ. ಅಷ್ಟು ಮಾಡದೆ ಎಷ್ಟು ಸಂಘಗಳು ಎರಡಾಗಿ, ನಾಲ್ಕಾಗಿ ಒಡೆದಿವೆ ಎಂಬುದು ನಮಗೆಲ್ಲ ಗೊತ್ತು.

ಕೊನೆಗೆ ಒಂದು ನೆನಪು. 2022ರ ಏಪ್ರಿಲ್ 19. ಮಗು ತೀರಿಕೊಂಡ ಸುದ್ದಿಯನ್ನು ರೊನಾಲ್ಡೊ ಹೇಳಿ ಒಂದು ದಿನವಷ್ಟೇ ಆಗಿತ್ತು, ಅವರು ಆಡಲು ಬಂದಿರಲಿಲ್ಲ. ಮ್ಯಾಚ್ ಇದ್ದದ್ದು ಬದ್ಧ ಎದುರಾಳಿ ಲಿವರ್‌ಪೂಲ್‌ನ ಮೈದಾನದಲ್ಲಿ. ಅವರ ಅಂಗಿಯ ಸಂಖ್ಯೆ 7. ಏಳನೆಯ ನಿಮಿಷಕ್ಕೆ ಎರಡೂ ಕಡೆಯ ಅಭಿಮಾನಿಗಳು ಎದ್ದು ನಿಂತು ಒಂದು ನಿಮಿಷ ಚಪ್ಪಾಳೆ ತಟ್ಟಿದರು. ನಂತರ ಎಂದಿನಂತೆ ಆಟ ನಡೆಯಿತು, ಲಿವರ್‌ಪೂಲ್ 4-0ಯಿಂದ ಗೆದ್ದಿತು. ಎದುರಾಳಿತನ ಹಾಗೇ ಇತ್ತು, ಮೈತ್ರಿಯೂ ಇತ್ತು. ಪಕ್ಷ ಹಿಡಿದವರಿಗೂ ಇದು ಸಾಧ್ಯ ಎಂದು ಆ ಒಂದು ನಿಮಿಷ ತೋರಿಸಿತು.

*ಇಂದಿನ ಅಭ್ಯಾಸ*

ಇವತ್ತು ಯಾರ ಮೇಲಾದರೂ ದೂರು ಹೇಳಬೇಕೆನಿಸಿದರೆ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ "ನನಗಾದ ನೋವು" ಎಂದೂ ಬಲಗಡೆ "ಎಲ್ಲರಿಗಾದ ಅನ್ಯಾಯ" ಎಂದೂ ಬರೆಯಿರಿ. ಎಡಗಡೆಯದನ್ನು ನಂಬಿಕಸ್ಥ ಗೆಳೆಯರ ಹತ್ತಿರ ಹೇಳಿಕೊಳ್ಳಿ. ಬಲಗಡೆಯದನ್ನು ಸಭೆಯಲ್ಲಿ ಎದ್ದು ನಿಂತು, ಹೆದರದೆ ಹೇಳಿ. ಬೇರೆಯವರು ದೂರು ಹೇಳಿದಾಗಲೂ ಇದೇ ಹಾಳೆ ನೆನಪಿರಲಿ.

ಭಾನುವಾರದ ಚರ್ಚೆಗೆ ಪ್ರಶ್ನೆ: ನಮಗೆ ಇಷ್ಟವಿಲ್ಲದ ವ್ಯಕ್ತಿ ಹೇಳಿದ ಯಾವ ಸತ್ಯವನ್ನು ನಾವು ಇನ್ನೂ ಒಪ್ಪಿಕೊಂಡಿಲ್ಲ?

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.