ನಾಕಾ ಅಂದರೆ ನಾಲ್ಕಲ್ಲ



ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಎದ್ದು ನಿಂತಳು. ಸ್ಲೇಟನ್ನು ಕೆಳಗಿಟ್ಟು ಕೇಳಿದಳು:

"ಟೀಚರ, ಮುಂದಿನ ವಾರ ನಾವು ಗೋವಾಕ್ಕ ದುಡಿಯಾಕ ಹೊಂಟೀವಿ. ಅಲ್ಲಿ ಕನ್ನಡ ಯಾರಿಗೆ ಬೇಕ್ರೀ? ಈ ಅ ಆ ಇ ಈ ಕಲಿತು ಏನ್ ಮಾಡೂದೈತಿ?"

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ನನಗೆ ಆ ದಿನ ಸರಿಯಾದ ಉತ್ತರ ಹೊಳೆಯಲಿಲ್ಲ. "ಕಲಿತದ್ದು ಎಲ್ಲೂ ಹೋಗೂದಿಲ್ಲ ಬಿಡವ್ವಾ" ಎಂದು ಏನೋ ಹೇಳಿ ಕಳಿಸಿದೆ. ಆ ಮಾತು ಅವಳಿಗೂ ರುಚಿಸಲಿಲ್ಲ, ನನಗೂ ರುಚಿಸಲಿಲ್ಲ.

ಯುಗಾದಿಗೆ ಗೋವೆಯಿಂದ ಹೆಂಗಸರು ಊರಿಗೆ ಬಂದರು. ಆ ಅಕ್ಕನೂ ಬಂದಳು. ಎಲ್ಲರನ್ನೂ ಶಾಲೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದೆ. ಅಲ್ಲಿ ಮಾತು ಹೇಗೆ ನಡೆಸುತ್ತೀರಿ? ಎಲ್ಲಿ ತೊಡಕಾಗುತ್ತದೆ? ಅವರು ಹೇಳಿದ್ದನ್ನೇ ಈ ಪಾಠದಲ್ಲಿ ಬರೆದಿದ್ದೇನೆ.

ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಧಾರವಾಡ, ಅಳ್ನಾವರ, ಲೋಂಡಾ ಬರುತ್ತವೆ. ಆಮೇಲೆ ಕ್ಯಾಸಲ್‌ರಾಕ್. ಅಲ್ಲಿಯವರೆಗೆ ನಿಲ್ದಾಣದ ಹಲಗೆಯ ಮೇಲೆ ಕನ್ನಡ ಇರುತ್ತದೆ. ಘಟ್ಟ ಇಳಿದು ಕುಳೆಂ ಬಂತು ಅನ್ನಿ. ಹಲಗೆಯ ಮೇಲೆ ನಾಗರಿ ಅಕ್ಷರ, ಇಂಗ್ಲಿಷ್ ಅಕ್ಷರ ಮಾತ್ರ. ಗೋವೆಯ ರಾಜ್ಯಭಾಷೆ ಕೊಂಕಣಿ. ಅದಕ್ಕೆ 1987ರಲ್ಲಿ ಕಾಯ್ದೆ ಆಯಿತು. ಸರಕಾರದ ಕೆಲಸಕ್ಕೆ ಮರಾಠಿಯನ್ನೂ ಬಳಸಬಹುದು ಎಂದು ಅದೇ ಕಾಯ್ದೆ ಹೇಳುತ್ತದೆ. ಮರಾಠಿ, ಹಿಂದಿ, ಗೋವೆಯ ಸರಕಾರಿ ಕೊಂಕಣಿ ಮೂರನ್ನೂ ಬರೆಯುವುದು ನಾಗರಿ ಅಕ್ಷರದಲ್ಲಿ.

ಇದು ಹಲಗೆಯ ಮಾತಾಯಿತು. ಬಾಯಿಯ ಮಾತು ಬೇರೆ. ಕಟ್ಟಡದ ಕೆಲಸಕ್ಕೆ ಬಿಹಾರದವರು, ಒಡಿಶಾದವರು ಬಂದಿರುತ್ತಾರೆ. ಅಲ್ಲಿ ಎಲ್ಲರಿಗೂ ನಡುವೆ ಹಿಂದಿ. ಮೀನಿನ ಪೇಟೆಯಲ್ಲಿ ಕೊಂಕಣಿ. ಬಾಡಿಗೆ ಕೋಣೆಯ ಓಣಿಗೆ ಬಂದರೆ ಕನ್ನಡ. ಮುಂಜಾನೆಯಿಂದ ಸಂಜೆಯವರೆಗೆ ಮೂರು ಭಾಷೆ ದಾಟಬೇಕು.

ಇದು ನಮಗೆ ಪೂರಾ ಹೊಸದೇನಲ್ಲ. ನಮ್ಮ ತಾಂಡಾದ ಹೆಂಗಸರನ್ನು ನೋಡಿ. ಮನೆಯಲ್ಲಿ ಲಂಬಾಣಿ ಮಾತು, ಸಂತೆಯಲ್ಲಿ ಕನ್ನಡ. ಚಿಕ್ಕಂದಿನಿಂದ ಎರಡು ಭಾಷೆ ಆಡುತ್ತಾ ಬಂದವರು. ಅವರಿಗೆ ಹಿಂದಿ ಬೇಗ ಹತ್ತಿತಂತೆ. ಪಾಣಿ, ಘರ್, ತೀನ್, ಚಾರ್ ಇವೆಲ್ಲ ಅವರ ಮನೆಯಲ್ಲೇ ಇದ್ದವು. ಊರಲ್ಲಿ "ತಾಂಡಾದವರಿಗೆ ಏನ್ ಗೊತ್ತಾಗತೈತಿ" ಅನ್ನುತ್ತಿದ್ದವರು ಅಲ್ಲಿ ಹೋಗಿ ಅವರ ಸೆರಗು ಹಿಡಿದು ನಿಂತರು. ಇದನ್ನು ಹೇಳುವಾಗ ತಾಂಡಾದ ಅಕ್ಕ ನಕ್ಕಿದ್ದೇ ನಕ್ಕಿದ್ದು.

ಈಗ ನಾಕಾದ ಕಥೆ ಕೇಳಿ.

ಒಬ್ಬಾಕೆ ಒಂದು ಮನೆಯಲ್ಲಿ ಕಸ ಮುಸುರೆ ಕೆಲಸಕ್ಕೆ ಸೇರಿದಳು. ಮೊದಲ ವಾರ. ಅಂಗಡಿಗೆ ಹೋಗುವಾಗ ತೆಂಗಿನಕಾಯಿ ತೋರಿಸಿ, ತರಲೇನು ಎಂದು ಕೈಸನ್ನೆ ಮಾಡಿದಳು. ಮನೆಯಾಕೆ "ನಾಕಾ" ಅಂದಳು. ಇವಳು ನಾಕು ಕಾಯಿ ತಂದಳು! ಕೊಂಕಣಿಯಲ್ಲಿ "ನಾಕಾ" ಅಂದರೆ ಬೇಡ. ಕಾಯಿಯ ರೊಕ್ಕವನ್ನು ಪಗಾರದಲ್ಲಿ ಹಿಡಿದುಕೊಂಡರಂತೆ. ಮರಾಠಿಯಲ್ಲಿ ಬೇಡ ಎನ್ನಲು "ನಕೋ". ಇನ್ನೂ ಒಂದು ನಾಕಾ ಇದೆ. ಹಿಂದಿ, ಮರಾಠಿ ಆಡುವವರು ರಸ್ತೆ ಕೂಡುವ ಜಾಗಕ್ಕೆ ನಾಕಾ ಅನ್ನುತ್ತಾರೆ. ಕೂಲಿಗೆ ಕರೆಯುವವರು ಬರುವುದು ಅಲ್ಲಿಗೇ.

ಅದೇ ಮನೆಯಲ್ಲಿ ಮಧ್ಯಾಹ್ನ ಮನೆಯಾಕೆ ಕೇಳಿದಳು: "ಶೀತ್ ಜಾಯ್?" ಇವಳು, ನನಗೆ ಶೀತ ಆಗಿದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡಳು. ಇಲ್ಲ ಎಂದು ತಲೆ ಆಡಿಸಿದಳು. ಗೋವೆಯ ಕೊಂಕಣಿಯಲ್ಲಿ ಶೀತ್ ಅಂದರೆ ಅನ್ನ. ಜಾಯ್ ಅಂದರೆ ಬೇಕು. ಅನ್ನ ಬೇಕೇ ಎಂದು ಕೇಳಿದವರಿಗೆ ಬೇಡ ಅಂದಂತಾಯಿತು. ಆ ದಿನ ಸಂಜೆಯವರೆಗೆ ಹಸಿದೇ ಪಾತ್ರೆ ತಿಕ್ಕಿದಳು.

ಹಾಗಂತ ಎಲ್ಲ ಮಾತೂ ಮೋಸ ಮಾಡುವುದಿಲ್ಲ. ನೀರಿಗೆ ಕೊಂಕಣಿಯಲ್ಲಿ ಉದಾಕ್. ನಮ್ಮ ಉದಕವೇ ಅದು. ರವಿವಾರಕ್ಕೆ ಅವರು ಆಯ್ತಾರ ಅನ್ನುತ್ತಾರೆ, ನಾವು ಆಯತವಾರ. ಇನ್ನು ಪಗಾರ, ಚಾವಿ, ಬಟಾಟೆ. ಈ ಮಾತುಗಳು ಬಂದದ್ದು ಪೋರ್ಚುಗೀಸರ ಭಾಷೆಯಿಂದ. ಅವರು 1510ರಿಂದ 1961ರವರೆಗೆ ಗೋವೆಯನ್ನು ಆಳಿದರು. ಆ ಕಾಲದಲ್ಲೇ ಎಷ್ಟೋ ಕೊಂಕಣಿ ಕುಟುಂಬಗಳು ಗೋವೆ ಬಿಟ್ಟು ನಮ್ಮ ಕರಾವಳಿಗೆ ಬಂದವು. ಅವರ ಮಕ್ಕಳು ಮೊಮ್ಮಕ್ಕಳು ಮನೆಯಲ್ಲಿ ಕೊಂಕಣಿ ಉಳಿಸಿಕೊಂಡರು. ಹೊರಗೆ ಕನ್ನಡ, ತುಳು ಕಲಿತರು. ಅಂದು ಅವರು ಇಲ್ಲಿಗೆ ಹೊಸಬರು. ಇಂದು ನಾವು ಅಲ್ಲಿಗೆ ಹೊಸಬರು.

ಎಲ್ಲಕ್ಕಿಂತ ಹೆಚ್ಚು ಏಟು ಬೀಳುವುದು ಲೆಕ್ಕದಲ್ಲಿ. ಇಲ್ಲಿ ಸ್ವಲ್ಪ ನಿಧಾನ ಓದಿ.

ಕೆಲವು ವರ್ಷದ ಹಿಂದಿನ ಮಾತು. ಗುತ್ತೇದಾರ ಒಬ್ಬಾಕೆಗೆ ದಿನಗೂಲಿ ಹೇಳಿದ: "ಸಾಡೇ ತೀನ್ ಸೌ." ಅವಳಿಗೆ ಹಿಂದಿಯಲ್ಲಿ ಹತ್ತರವರೆಗೆ ಎಣಿಸಲು ಬರುತ್ತಿತ್ತು. ತೀನ್ ಅಂದರೆ ಮೂರು, ಸೌ ಅಂದರೆ ನೂರು. ಮುನ್ನೂರು ಅಂದುಕೊಂಡಳು. ಸಾಡೇ ಎಂಬುದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ವಾರದ ಬಟವಡೆ ದಿನ ಮುನ್ನೂರರ ಲೆಕ್ಕದಲ್ಲಿ ಕೊಟ್ಟರು. ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಹೀಗೆ 24 ದಿನ ದುಡಿದಳು. ಆಮೇಲೆ ತಾಂಡಾದ ಅಕ್ಕನ ಜೊತೆ ಮಾತಾಡುವಾಗ ಗೊತ್ತಾಯಿತು. ಸಾಡೇ ತೀನ್ ಸೌ ಅಂದರೆ 350. ದಿನಕ್ಕೆ 50 ರೂಪಾಯಿ ಹೋಗಿತ್ತು. 24 ದಿನಕ್ಕೆ ಎಷ್ಟಾಯಿತು? 1200 ರೂಪಾಯಿ. ಕೇಳಲು ಹೋದರೆ, "ನೀನೇ ಎಣಿಸಿ ತಗೊಂಡೆಯಲ್ಲ" ಎಂದರಂತೆ.

ಈ ಮಾತುಗಳನ್ನು ಗಟ್ಟಿಯಾಗಿ ಓದಿ:

ಸವಾ ಸೌ – 125
ಡೇಢ್ ಸೌ – 150
ಢಾಯಿ ಸೌ – 250
ಸಾಡೇ ತೀನ್ ಸೌ – 350
ಪೌನೇ ಚಾರ್ ಸೌ – 375

ಸವಾ ಅಂದರೆ ಕಾಲುಭಾಗ ಹೆಚ್ಚು. ಸಾಡೇ ಅಂದರೆ ಅರ್ಧ ಹೆಚ್ಚು. ಪೌನೇ ಅಂದರೆ ಕಾಲುಭಾಗ ಕಡಿಮೆ. ಪೌನೇ ಚಾರ್ ಸೌ ಎಂದು ಕೇಳಿ ನಾನೂರು ಅಂದುಕೊಂಡು, ಸುಮ್ಮನೆ ಜಗಳ ಮಾಡಿದವರೂ ಇದ್ದಾರೆ. ಮರಾಠಿಯಲ್ಲಿ 150ಕ್ಕೆ ದೀಡಶೇ, 250ಕ್ಕೆ ಅಡೀಚಶೇ. ನಾವು ದೀಡ ತಾಸು, ಪಾವ ಕಿಲೋ ಅನ್ನುವುದಿಲ್ಲವೇ? ಅದೇ ದೀಡ, ಅದೇ ಪಾವ. ಅರ್ಧ ಪಾಠ ನಿಮಗೆ ಮೊದಲೇ ಬರುತ್ತದೆ.

"ಕಲ್" ಎಂಬ ಮಾತು ಇನ್ನೊಂದು. ಪಗಾರ ಯಾವಾಗ ಎಂದು ಕೇಳಿದರೆ "ಕಲ್" ಅನ್ನುತ್ತಾರೆ. ಹಿಂದಿಯಲ್ಲಿ ನಾಳೆಗೂ ಕಲ್, ನಿನ್ನೆಗೂ ಕಲ್. ಕೊಂಕಣಿಯಲ್ಲಿ ಕಾಲ್ ಅಂದರೆ ನಿನ್ನೆ ಮಾತ್ರ. ನಾಳೆಗೆ ಫಾಲ್ಯಾಂ. ಮರಾಠಿಯಲ್ಲಿ ನಾಳೆಗೆ ಉದ್ಯಾ. ಅದಕ್ಕೇ ನಮ್ಮ ಹೆಂಗಸರು ಈಗ ಒಂದು ಉಪಾಯ ಮಾಡಿದ್ದಾರೆ. ಕಲ್ ಅಂದರೆ ಒಪ್ಪುವುದಿಲ್ಲ. ಯಾವ ವಾರ, ಸೋಮವಾರವೋ ಶನಿವಾರವೋ ಎಂದು ಕೇಳುತ್ತಾರೆ. ವಾರದ ಹೆಸರು ಎಲ್ಲ ಕಡೆ ಹತ್ತಿರ ಹತ್ತಿರ ಒಂದೇ.

ರೊಕ್ಕ ಹೋದರೆ ಮತ್ತೆ ದುಡಿಯಬಹುದು. ಇದನ್ನು ಕೇಳಿ. ಒಂದು ಕಟ್ಟಡದಲ್ಲಿ ಮೇಲಿಂದ ಹಲಗೆ ಜಾರಿತು. ಮೇಲಿದ್ದವನು "ಹಟೋ! ಹಟೋ!" ಎಂದು ಕೂಗಿದ. ಹಟೋ ಅಂದರೆ ಸರಿ, ದೂರ ಹೋಗು. ಕೆಳಗೆ ನಮ್ಮೂರ ಹುಡುಗಿ ಬುಟ್ಟಿ ಹೊತ್ತು ನಿಂತಿದ್ದಳು. ಹೋಗಿ ಎರಡು ದಿನ ಆಗಿತ್ತು. ಯಾರು ಯಾರಿಗೆ ಹಟ ಅನ್ನುತ್ತಿದ್ದಾರೆ ಎಂದು ತಲೆ ಎತ್ತಿ ನೋಡಿದಳು. ಹಲಗೆ ಭುಜಕ್ಕೆ ಬಡಿಯಿತು. ಎರಡು ತಿಂಗಳು ಕೈ ಎತ್ತಲು ಆಗಲಿಲ್ಲ. "ನಾವು ಕೂಗಿದ್ದೆವಲ್ಲ" ಎಂದರು ಅಲ್ಲಿಯವರು. ಕೂಗಿದ್ದು ನಿಜ. ಅವಳ ಭಾಷೆಯಲ್ಲಿ ಕೂಗಿದರೇ? ಹೊಸ ಆಳಿಗೆ ಮೊದಲ ದಿನವೇ ನಾಲ್ಕು ಎಚ್ಚರಿಕೆಯ ಮಾತು ಕಲಿಸುವುದು ಕೆಲಸ ಕೊಟ್ಟವರ ಹೊಣೆ ಎಂದು ನನಗನ್ನಿಸುತ್ತದೆ. ಅವರು ಕಲಿಸದಿದ್ದರೆ ಹಳಬರು ಕಲಿಸಿರಿ. ಹಟೋ ಅಂದರೆ ಸರಿ. ರುಕೋ ಅಂದರೆ ನಿಲ್ಲು. ಊಪರ್ ಅಂದರೆ ಮೇಲೆ. ನೀಚೇ ಅಂದರೆ ಕೆಳಗೆ.

ಆಸ್ಪತ್ರೆಯ ಮಾತು ಹೇಳುವಾಗ ಎಲ್ಲರೂ ದನಿ ತಗ್ಗಿಸಿದರು. ಒಬ್ಬಾಕೆಗೆ ಮುಟ್ಟಿನ ರಕ್ತ ನಿಲ್ಲುತ್ತಿರಲಿಲ್ಲ. ಡಾಕ್ಟರರ ಹತ್ತಿರ ಹೋಗುವಾಗ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಹೋದಳು. ಅವನಿಗೆ ಕೊಂಕಣಿ, ಹಿಂದಿ ಎರಡೂ ಬರುತ್ತವೆ. ಆದರೆ ಗಂಡುಮಗನಿಗೆ ಇದನ್ನು ಹೇಗೆ ಹೇಳುವುದು? "ಹೊಟ್ಟಿ ನೋವು ಅಂತ ಹೇಳಪಾ" ಅಂದಳು. ಹೊಟ್ಟೆನೋವಿನ ಗುಳಿಗೆ ಕೊಟ್ಟು ಕಳಿಸಿದರು. ಮೂರು ತಿಂಗಳು ಹಾಗೇ ಕಳೆದಳು. ಊರಿಗೆ ಬಂದಾಗ ಮುಖ ಬಿಳಿಚಿತ್ತು. ನಮ್ಮ ಆಸ್ಪತ್ರೆಯ ನರ್ಸಮ್ಮನಿಗೆ ಕನ್ನಡದಲ್ಲಿ ಹೇಳಿದ ಮೇಲೆ ರಕ್ತ ತಪಾಸಣೆ ಆಯಿತು, ಸರಿಯಾದ ಔಷಧ ಸಿಕ್ಕಿತು.

ಅಕ್ಕಂದಿರೇ, ಈ ಮಾತನ್ನು ಮಕ್ಕಳ ಬಾಯಿಂದ ಹೇಳಿಸಬೇಡಿ. ಓಣಿಯ ಹಳಬಳಾದ ಹೆಂಗಸನ್ನು ಜೊತೆಗೆ ಕರೆದೊಯ್ಯಿರಿ. ಯಾರೂ ಇಲ್ಲದಿದ್ದರೆ ಎರಡು ಮಾತು ಸಾಕು. ರಕ್ತ ಎಂದರೆ ಮರಾಠಿಯವರಿಗೂ ತಿಳಿಯುತ್ತದೆ. ಕೊಂಕಣಿಯಲ್ಲಿ ರಗತ್. ಮುಟ್ಟಿಗೆ ಮರಾಠಿಯಲ್ಲಿ ಪಾಳಿ ಅನ್ನುತ್ತಾರೆ. ನಾವು ಸರದಿಗೆ ಪಾಳಿ ಅನ್ನುತ್ತೇವಲ್ಲ, ಅದೇ ಮಾತು. ಗುಳಿಗೆ ಕೊಡುವಾಗ "ಖಾಲೀ ಪೇಟ್" ಅಂದರೆ ಬರಿ ಹೊಟ್ಟೆಯಲ್ಲಿ ನುಂಗಬೇಕು. ಪೇಟೆ ಖಾಲಿ ಇದ್ದಾಗ ಎಂದಲ್ಲ! "ಖಾನೇ ಕೇ ಬಾದ್" ಅಂದರೆ ಊಟ ಆದ ಮೇಲೆ.

ಮಕ್ಕಳ ಮಾತು ಬಂತು. ಅವರು ಮೂರು ತಿಂಗಳಲ್ಲಿ ಕಲಿತುಬಿಡುತ್ತಾರೆ. ಆಮೇಲೆ ತಾಯಿಗೆ ಅವರೇ ಬಾಯಿ. ರೇಷನ್ ಅಂಗಡಿಗೆ, ಬಾಡಿಗೆ ಮಾಲೀಕನ ಹತ್ತಿರ, ಬ್ಯಾಂಕಿಗೆ ಮಗನೋ ಮಗಳೋ ಬೇಕು. ಆ ದಿನ ಶಾಲೆ ತಪ್ಪುತ್ತದೆ. ನಾನು ಶಾಲೆಯ ಟೀಚರು, ಹಾಜರಿ ಪುಸ್ತಕದ ಮೇಲೇ ನನ್ನ ಕಣ್ಣು. ಇದು ನನಗೆ ಸರಿ ಕಾಣುವುದಿಲ್ಲ.

ಇನ್ನು ಕೆಲವರು "ಮನಿಯಾಗ ಕನ್ನಡ ಬಿಡ್ರಿ, ಅಂದ್ರ ಹುಡುಗರು ಲಗೂ ಕಲೀತಾವು" ಅನ್ನುತ್ತಾರಂತೆ. ಬಿಡಬೇಡಿ. ಮಕ್ಕಳ ತಲೆ ಒಂದೇ ಹಿಡಿ ಅಕ್ಕಿ ಹಿಡಿಯುವ ಡಬ್ಬಿಯಲ್ಲ. ಧಾರವಾಡದ ಬೇಂದ್ರೆ ಅಜ್ಜನ ಮನೆಮಾತು ಮರಾಠಿ. ಮಾಸ್ತಿಯವರದು ತಮಿಳು. ಗಿರೀಶ ಕಾರ್ನಾಡರದು ಕೊಂಕಣಿ. ಮೂವರೂ ಕನ್ನಡದಲ್ಲಿ ಬರೆದು ಜ್ಞಾನಪೀಠ ಪ್ರಶಸ್ತಿ ಪಡೆದರು. ಮನೆಮಾತು ಅವರಿಗೆ ಅಡ್ಡ ಬಂತೇ? ಊರಲ್ಲಿರುವ ಅಜ್ಜಿ ಫೋನಿನಲ್ಲಿ "ಉಂಡಿಯೇನ ಕೂಸ" ಅಂದರೆ ಮೊಮ್ಮಗು ಮಿಕಿಮಿಕಿ ನೋಡುತ್ತದಂತೆ. ಅದನ್ನು ಹೇಳುವಾಗ ಒಬ್ಬ ತಾಯಿಯ ಕಣ್ಣು ತುಂಬಿತು.

ಸರಿ, ಆ ಅಕ್ಕನ ಪ್ರಶ್ನೆಗೆ ಬರೋಣ. ಕನ್ನಡ ಅಕ್ಷರ ಅಲ್ಲಿ ಏನು ಮಾಡುತ್ತದೆ?

1979ರಲ್ಲಿ ಒಂದು ಕಾಯ್ದೆ ಬಂದಿತ್ತು. ಬೇರೆ ರಾಜ್ಯಕ್ಕೆ ಕರೆದೊಯ್ದ ಕೆಲಸಗಾರರಿಗೆ ಗುತ್ತೇದಾರ ಒಂದು ಪಾಸ್‌ಬುಕ್ ಕೊಡಬೇಕು. ಅದರಲ್ಲಿ ಫೋಟೋ ಇರಬೇಕು. ಕೂಲಿಯ ದರವನ್ನು ಹಿಂದಿ, ಇಂಗ್ಲಿಷಿನ ಜೊತೆಗೆ ಕೆಲಸಗಾರರ ಭಾಷೆಯಲ್ಲೂ ಬರೆಯಬೇಕು. ಹೀಗೆಂದು ಆ ಕಾಯ್ದೆ ಹೇಳಿತ್ತು. 2020ರಲ್ಲಿ ಸಂಸತ್ತು ಹೊಸ ಸಂಹಿತೆ ಮಾಡಿ ಈ ಕಾಯ್ದೆಯನ್ನು ಅದರೊಳಗೆ ಸೇರಿಸಿತು. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರನ್ನು ಕೇಳಿದೆ. ಅಂಥ ಪುಸ್ತಕವನ್ನು ಒಬ್ಬರೂ ಕಣ್ಣಿಂದ ಕಂಡಿಲ್ಲ.

ಆಗ ಆ ಅಕ್ಕ ಸೊಂಟದ ಚೀಲದಿಂದ ಒಂದು ಸಣ್ಣ ನೋಟುಪುಸ್ತಕ ತೆಗೆದಳು. ಮೂಲೆ ಮಡಚಿತ್ತು, ಸಿಮೆಂಟಿನ ಬೂದಿ ಹತ್ತಿತ್ತು. ಮುಂದಿನ ಹಾಳೆಗಳಲ್ಲಿ ತಾರೀಖು, ಕೆಲಸ, ಮಾತಾಡಿದ ಕೂಲಿ, ಕೈಗೆ ಬಂದ ಕೂಲಿ. ಎಲ್ಲ ಕನ್ನಡದಲ್ಲಿ. ಅಕ್ಷರ ಸೊಟ್ಟ, ಲೆಕ್ಕ ನೆಟ್ಟಗೆ. ಹಿಂದಿನ ಹಾಳೆಗಳಲ್ಲಿ ಮಾತುಗಳು. ಕೊಂಕಣಿ ಮಾತು, ಹಿಂದಿ ಮಾತು, ಎರಡನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದಳು. ಮಂಗಳೂರಿನ ಕೊಂಕಣಿ ಜನ ತಮ್ಮ ಭಾಷೆಯನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಅದು ಅವಳಿಗೆ ಗೊತ್ತಿರಲಿಲ್ಲ. ತಾನೇ ದಾರಿ ಹುಡುಕಿಕೊಂಡಿದ್ದಳು.

"ಒಂದ್ ಸಲ ಎರಡ್ ದಿನದ ಪಗಾರ ಬಿಟ್ಟಿದ್ದ್ರು ಟೀಚರ. ತಾರೀಖ ಓದಿ ಹೇಳಿದೆ. ಕೊಟ್ಟ್ರು" ಅಂದಳು. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದವಳು ಈಗ ಸಹಿಯನ್ನೂ ಕನ್ನಡದಲ್ಲೇ ಮಾಡುತ್ತಾಳೆ. ಸಹಿ ಯಾವ ಭಾಷೆಯಲ್ಲಿದ್ದರೂ ಸಹಿಯೇ.

ಅವಳ ಮಾತುಗಳ ಹಾಳೆಯಲ್ಲಿ ಮೊದಲ ಸಾಲು ಹೀಗಿತ್ತು: ನಾಕಾ – ಬ್ಯಾಡ.

ಮಾಡಿ ನೋಡಿ

ಒಂದು ನೂರು ರೂಪಾಯಿ ನೋಟು ತೆಗೆದುಕೊಳ್ಳಿ. ಗಾಂಧೀಜಿ ಚಿತ್ರ ಇಲ್ಲದ ಬದಿಗೆ ತಿರುಗಿಸಿ. ಅಲ್ಲಿ ಸಣ್ಣ ಅಕ್ಷರದಲ್ಲಿ 15 ಸಾಲುಗಳಿವೆ. ಒಂದೊಂದು ಸಾಲು ಒಂದೊಂದು ಭಾಷೆ.

ಮೇಲಿನಿಂದ ಎಣಿಸಿ. ನಾಲ್ಕನೇ ಸಾಲು ಕನ್ನಡ. ಓದಿ ಹೇಳಿ.

ಆರನೇ ಸಾಲು ಕೊಂಕಣಿ. ಎಂಟನೇ ಸಾಲು ಮರಾಠಿ. ಎರಡರ ಅಕ್ಷರವೂ ಒಂದೇ ಬಗೆ. ಬೆರಳಿಟ್ಟು ತೋರಿಸಿ.

ಮರಾಠಿಯಲ್ಲಿ ನೂರಕ್ಕೆ ಶಂಭರ ಎನ್ನುತ್ತಾರೆ. ನಿಮ್ಮ ನೋಟುಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ದೀಡಶೇ ಎಷ್ಟು? ಸಾಡೇ ಪಾಂಚ್ ಸೌ ಎಷ್ಟು? ಪಕ್ಕದಲ್ಲಿ ಕೂತವರನ್ನು ಕೇಳಿ.