ಎಲೆಯೊಳಗಿನ ಇಬ್ಬರು ಹೊರೆಯಾಳುಗಳು

ಹಸಿರೆಲೆ ಬಿಸಿಲಿನ ಬಲದಿಂದ ಸಕ್ಕರೆ ತಯಾರಿಸುತ್ತದೆಂಬುದನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಆದರೆ ಪ್ಯಾರಾಕ್ವಾಟ್ ಕಳೆನಾಶಕದ ಹನಿ ತಾಗಿದ ಕಾಫಿ ಎಲೆ ಬಿಸಿಲೇರುತ್ತಲೇ ಬೆಂದಂತಾಗುವುದೇಕೆ? ಸುಣ್ಣ ಅತಿಯಾದ ಕಡೆ ಚಿಗುರೆಲೆ ಹಳದಿಯಾಗುವುದೇಕೆ? ಎರಡಕ್ಕೂ ಉತ್ತರ ಎಲೆಯೊಳಗಿನ ಅತಿ ಸಣ್ಣ ಪ್ರೋಟೀನುಗಳವರೆಗೆ ಹೋಗುತ್ತದೆ.

ಎಲೆಯ ಹಸಿರು ಕಣಗಳ ತೆಳು ಪೊರೆಯಲ್ಲಿ ಬೆಳಕನ್ನು ಹಿಡಿಯುವ ಎರಡು ದೊಡ್ಡ ಯಂತ್ರಗಳಿವೆ. ಒಂದು ನೀರನ್ನು ಒಡೆದು ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ನಾವು ಉಸಿರಾಡುವ ಆಮ್ಲಜನಕ ಹೊರಬೀಳುವುದು ಇಲ್ಲಿಯೇ. ಇನ್ನೊಂದು ಆ ಎಲೆಕ್ಟ್ರಾನುಗಳಿಗೆ ಬೆಳಕಿನಿಂದ ಮತ್ತೊಮ್ಮೆ ಬಲ ತುಂಬುತ್ತದೆ. ಈ ಯಂತ್ರಗಳು ಪೊರೆಯನ್ನು ಬಿಟ್ಟು ಬರಲಾರವು. ಆದ್ದರಿಂದ ಎರಡನೆಯ ಯಂತ್ರಕ್ಕೆ ಎಲೆಕ್ಟ್ರಾನು ತಂದುಕೊಡಲು ಒಬ್ಬ ಹೊರೆಯಾಳು, ಅಲ್ಲಿಂದ ಒಯ್ಯಲು ಇನ್ನೊಬ್ಬ ಬೇಕು.

ತಂದುಕೊಡುವವನು ಪ್ಲಾಸ್ಟೊಸಯಾನಿನ್. ಜಪಾನಿನ ವಿಜ್ಞಾನಿ ಕಾಟೊ ಇದನ್ನು 1960ರಲ್ಲಿ ಕ್ಲೋರೆಲ್ಲಾ ಎಂಬ ಪಾಚಿಯಲ್ಲಿ ಗುರುತಿಸಿದರು. ಇದರ ಒಡಲಲ್ಲಿರುವುದು ತಾಮ್ರದ ಒಂದೇ ಒಂದು ಪರಮಾಣು. ಹೊರೆ ಇಳಿಸಿದಾಗ ಇದರ ಬಣ್ಣ ನೀಲಿ, ಹೊತ್ತಾಗ ಬಣ್ಣವಿಲ್ಲ. ಹಾಗಾದರೆ ನಾವು ಸಿಂಪಡಿಸುವ ಮೈಲುತುತ್ತದಿಂದ ಇದಕ್ಕೆ ಲಾಭವೇ ಎಂದು ಬೆಳೆಗಾರ ಬಂಧುಗಳು ಕೇಳಬಹುದು. ಎಲೆಗೆ ಬೇಕಾದ ತಾಮ್ರ ತೀರ ಅತ್ಯಲ್ಪ. ಬೋರ್ಡೋ ದ್ರಾವಣ ಶಿಲೀಂಧ್ರಕ್ಕೆ ತಡೆಯೇ ಹೊರತು ಎಲೆಗೆ ಊಟವಲ್ಲ. ವರ್ಷಗಟ್ಟಲೆ ಮಣ್ಣಿಗಿಳಿದು ಶೇಖರವಾದ ತಾಮ್ರ ಬೇರು ಕಬ್ಬಿಣವನ್ನು ಹೀರುವುದಕ್ಕೇ ಅಡ್ಡಿಯಾಗಬಹುದು.

ಕಬ್ಬಿಣ ಬೇಕಾಗುವುದು ಒಯ್ಯುವವನಿಗೆ, ಅಂದರೆ ಫೆರಿಡಾಕ್ಸಿನ್‌ಗೆ. ಇದರಲ್ಲಿ ಕಬ್ಬಿಣದ ಎರಡು, ಗಂಧಕದ ಎರಡು ಪರಮಾಣುಗಳಿವೆ. ಸಕ್ಕರೆಯ ತಯಾರಿಕೆಗೆ ಬೇಕಾದ ಬಲ ಇದರ ಕೈಯಿಂದಲೇ ಹೋಗಬೇಕು. ಎಲೆ ಸೇರಿದ ನೈಟ್ರೇಟ್ ಅಮೋನಿಯ ರೂಪಕ್ಕೆ ಬರಲೂ ಇದರ ನೆರವು ಬೇಕು. ಸುಣ್ಣ ಅತಿಯಾದರೆ ಕಬ್ಬಿಣ ಮಣ್ಣಿನಲ್ಲಿದ್ದೂ ಬೇರಿಗೆ ದಕ್ಕುವುದಿಲ್ಲ. ಪತ್ರಹರಿತ್ತು ಹುಟ್ಟಲಿಕ್ಕೂ ಕಬ್ಬಿಣ ಬೇಕಾದ್ದರಿಂದ ಚಿಗುರಿನ ನರ ಹಸಿರಾಗಿದ್ದು ನಡುವೆ ಹಳದಿ ಕಾಣುತ್ತದೆ. ಕೆಲವು ಪಾಚಿಗಳು ಕಬ್ಬಿಣದ ಬರಗಾಲದಲ್ಲಿ ಕಬ್ಬಿಣವಿಲ್ಲದ ಫ್ಲೇವೊಡಾಕ್ಸಿನ್‌ನಿಂದ ಕೆಲಸ ಸಾಗಿಸುತ್ತವೆ. ನಮ್ಮ ಕಾಫಿ, ಅಡಿಕೆಗಳಿಗೆ ಆ ಅನುಕೂಲವಿಲ್ಲ.

ಪ್ಯಾರಾಕ್ವಾಟ್ ಕೈಹಾಕುವುದು ಈ ಫೆರಿಡಾಕ್ಸಿನ್‌ನ ಬುತ್ತಿಗೇ. ಎರಡನೆಯ ಯಂತ್ರದಿಂದ ಹೊರಟ ಎಲೆಕ್ಟ್ರಾನನ್ನು ನಡುವೆಯೇ ಕಸಿದು ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕ ಪೊರೆಗಳನ್ನು ಸುಡುತ್ತದೆ. ಬೆಳಕಿದ್ದಷ್ಟೂ ಕಳವು ಜಾಸ್ತಿ. ಮೋಡದ ದಿನ ಎಲೆ ಸಾವಕಾಶವಾಗಿ ಸಾಯುವುದು ಇದರಿಂದಲೇ. ಮಣ್ಣಿನ ಕಣಕ್ಕೆ ಇದು ಬಿಗಿಯಾಗಿ ಅಂಟಿಕೊಳ್ಳುವುದರಿಂದ ಕೆಸರು ನೀರಿನಲ್ಲಿ ಕಲಸಿದರೆ ಶಕ್ತಿ ಕುಂದುತ್ತದೆ.

ಇದೇ ಕಳವು ಮನುಷ್ಯನ ಶ್ವಾಸಕೋಶದಲ್ಲೂ ನಡೆಯುತ್ತದೆ, ಅಲ್ಲಿ ಬಿಸಿಲೇ ಬೇಕಿಲ್ಲ. ಒಂದು ಗುಟುಕು ಗಂಟಲಿಗಿಳಿದರೂ ಪ್ರಾಣಕ್ಕೆ ಅಪಾಯ, ಇದಕ್ಕೆ ಪ್ರತಿವಿಷವಿಲ್ಲ. ಉಳಿದ ಔಷಧಿಯನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವ ರೂಢಿ ಯಾವ ತೋಟದಲ್ಲಿದ್ದರೂ ಈ ದಿನವೇ ನಿಲ್ಲಬೇಕು. ಡಬ್ಬಿ ಬೀಗದೊಳಗಿರಲಿ, ಸಿಂಪಡಿಸುವ ಆಳುಗಳಿಗೆ ಕೈಗವಸು, ಮುಖಕವಚ ಕೊಡಿಸಿ.