ಪೆನ್ಸಿಲ್ ಕೊಡುವ ಮೊದಲು ಕಿವಿ ಕೊಡಿ

ಮಂಗಳೂರಿನ ಒಂದು ಸರ್ಕಾರಿ ಶಾಲೆಯ ಮೂರನೇ ತರಗತಿ. ಬೋರ್ಡಿನ ಮೇಲೆ ‘ಮಳೆಗಾಲ’ ಎಂಬ ವಿಷಯ. ಕೊನೆಯ ಬೆಂಚಿನ ಹುಡುಗ ನಾಲ್ಕು ಸಾಲು ಬರೆದಿದ್ದ: ಮಳೆ ರೈತನ ಮಿತ್ರ, ಮಳೆಯಿಂದ ಬೆಳೆ ಬೆಳೆಯುತ್ತದೆ, ಹೀಗೆ. ಪಕ್ಕದವನ ಪುಸ್ತಕದಲ್ಲೂ ಅದೇ ನಾಲ್ಕು ಸಾಲು. ಕೊನೆಯ ಬೆಂಚಿನ ಆ ಹುಡುಗನ ಮನೆ ಇರುವುದು ಮೀನುಗಾರಿಕೆ ಧಕ್ಕೆಯ ಹತ್ತಿರ. ಗದ್ದೆಯನ್ನು ಅವನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದ.

“ಮಳೆ ಶುರುವಾದರೆ ನಿಮ್ಮ ಮನೆಯಲ್ಲಿ ಎಂತ ಆಗ್ತದೆ?” ಎಂದು ಕೇಳಿದೆ. ಹುಡುಗ ಬಾಯಿಬಿಟ್ಟ. ಬೋಟು ನಿಲ್ತದೆ. ಅಪ್ಪ ಮನೆಯಲ್ಲೇ ಇರ್ತಾರೆ, ಜಗಲಿಯಲ್ಲಿ ಕೂತು ಬಲೆ ಸರಿಮಾಡ್ತಾರೆ. ದಿನಾ ಒಣಮೀನು. ಅಮ್ಮನಿಗೆ ಸಿಟ್ಟು ಜಾಸ್ತಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳ ಮಳೆಗಾಲ ಪೂರ್ತಿ ಅವನ ನಾಲಗೆಯ ತುದಿಯಲ್ಲಿತ್ತು. ಅದನ್ನು ಕಾಗದಕ್ಕೆ ಇಳಿಸುವ ದಾರಿಯನ್ನು ನಾವು ತೋರಿಸಿರಲಿಲ್ಲ.

ಆ ದಾರಿಯ ಬಗ್ಗೆ ಕೆಲವು ಸೂತ್ರಗಳು ಇಲ್ಲಿವೆ. ಶಿಕ್ಷಕರಿಗೆ ಹೇಗೋ ಹಾಗೆಯೇ ಮನೆಯಲ್ಲಿ ಕೂರಿಸಿ ಬರೆಸುವ ಅಪ್ಪ ಅಮ್ಮನಿಗೂ ಇವು ಬೇಕು.

1. ಮೊದಲು ಹೇಳಿಸಿ, ಆಮೇಲೆ ಬರೆಸಿ

ಬರವಣಿಗೆಯ ಅವಧಿಯ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿರಲಿ. ಮಕ್ಕಳು ಇಬ್ಬಿಬ್ಬರಾಗಿ ಕೂತು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಆಮೇಲೆ ಒಂದು ಮಗು ಹೇಳಿದ ಒಂದು ವಾಕ್ಯವನ್ನು ಹೇಳಿದ ಹಾಗೆಯೇ ಬೋರ್ಡಿನ ಮೇಲೆ ಬರೆಯಿರಿ. ನೀವಾಗಿ ತಿದ್ದಬೇಡಿ. ತನ್ನ ಬಾಯಿಂದ ಬಂದದ್ದು ಅಕ್ಷರವಾಗಿ ಗೋಡೆಯ ಮೇಲೆ ನಿಂತಿರುವುದನ್ನು ನೋಡಿದ ಮಗುವಿಗೆ ‘ಎಂತ ಬರೆಯುವುದು ಟೀಚರ್?’ ಎಂಬ ಪ್ರಶ್ನೆ ಉಳಿಯುವುದಿಲ್ಲ.

2. ಮನೆಮಾತನ್ನು ಅಂಗಳದಲ್ಲೇ ನಿಲ್ಲಿಸಬೇಡಿ

ಮಂಗಳೂರಿನಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಮಾತು. ಒಂದೇ ಬೆಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಆಡುವ ಮಕ್ಕಳು ಕೂತಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಕನ್ನಡ ಸಿಗುವುದೇ ಶಾಲೆಯಲ್ಲಿ, ಅದೂ ಪುಸ್ತಕದ ಕನ್ನಡ. ತುಳುವಿನ ‘ಇಲ್ಲ್’ ಎಂದರೆ ಮನೆ. ಕನ್ನಡದ ‘ಇಲ್ಲ’ ಬೇರೆಯೇ. ತುಳುವಿನ ‘ಎಲ್ಲೆ’ ಎಂದರೆ ನಾಳೆ. ಕನ್ನಡದಲ್ಲಿ ಅದು ಗಡಿ. ತುಳು ಮನೆಯ ಮಗು ‘ಭ’ ಬರೆಯಬೇಕಾದಲ್ಲಿ ‘ಬ’ ಬರೆದರೆ ಅದು ಉದಾಸೀನವಲ್ಲ, ತನಗೆ ಕೇಳಿಸಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ ಅಷ್ಟೆ.

ಸಿಗದ ಪದದ ಜಾಗದಲ್ಲಿ ಮನೆಯ ಪದವನ್ನೇ ಬರೆಯಲು ಬಿಡಿ, ಅದರ ಕೆಳಗೊಂದು ಗೆರೆ ಎಳೆಯಲು ಹೇಳಿ. ಬರೆದು ಮುಗಿದ ಮೇಲೆ ಗೆರೆ ಬಿದ್ದ ಪದಗಳಿಗೆಲ್ಲ ತರಗತಿ ಸೇರಿ ಕನ್ನಡ ಹುಡುಕಲಿ. ಹುಡುಕಿದರೂ ಸಿಗದಿದ್ದರೆ ಆ ಪದ ಹಾಗೆಯೇ ಇರಲಿ, ಕನ್ನಡಕ್ಕೆ ನಷ್ಟವಿಲ್ಲ. ಪಂಜೆ ಮಂಗೇಶರಾಯರು ಬಂಟ್ವಾಳದಲ್ಲಿ ಹುಟ್ಟಿದವರು, ಮಂಗಳೂರಿನಲ್ಲಿ ಮೇಷ್ಟ್ರಾಗಿದ್ದವರು, ಶಾಲಾ ಇನ್‌ಸ್ಪೆಕ್ಟರ್ ಆಗಿ ಹಳ್ಳಿಹಳ್ಳಿ ಸುತ್ತಿದವರು. ತುಳುವಿನ ಹಾಡುಗತೆಯಾದ ಪಾಡ್ದನದ ವೀರರು ಕೋಟಿ ಚೆನ್ನಯರನ್ನು ಕನ್ನಡದ ಕಥೆಯಾಗಿಸಿದವರು ಅವರೇ. ಮಕ್ಕಳಿಗಾಗಿ ಕನ್ನಡ ಬರೆದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಅವರಿಗೆ ತುಳು ಅಡ್ಡಿಯಾಗಲಿಲ್ಲ, ಬುತ್ತಿಯಾಯಿತು.

3. ವರ್ಣಮಾಲೆ ಮುಗಿಯಲಿ ಎಂದು ಕಾಯಬೇಡಿ

49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಎಲ್ಲ ಮುಗಿದ ಮೇಲೆ ಬರೆಯೋಣ ಎಂದರೆ ಮಗುವಿನ ಹುಮ್ಮಸ್ಸು ಅಷ್ಟರಲ್ಲಿ ಆರಿರುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆ ಹಬ್ಬಿದ ನಲಿ-ಕಲಿ ಕಲಿಕಾ ಪದ್ಧತಿ ಈ ಕ್ರಮವನ್ನೇ ತಿರುಗಿಸಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಹಿಡಿದು ಸರ, ದರ, ರಸ, ಅಗಸ, ಅರಸ, ಗರಗಸ ಎಲ್ಲ ಬರೆಯಬಹುದು. ಮೊದಲ ವಾರದಲ್ಲೇ ‘ಗರಗಸ’ ಬರೆದ ಮಗುವಿನ ಮುಖ ನೋಡಿ, ಗೊತ್ತಾಗುತ್ತದೆ.

4. ವಿಷಯ ಚಿಕ್ಕದಾಗಲಿ

‘ನಮ್ಮ ಊರು’ ಬೇಡ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದ್ದು ಸಾಕು. ‘ದಸರಾ ಹಬ್ಬ’ ಬೇಡ. ತಾಸೆಯ ಸದ್ದು ಕೇಳಿ ಹುಲಿವೇಷ ಬಂತೆಂದು ಗೇಟಿಗೆ ಓಡಿದ ಆ ಒಂದು ಗಳಿಗೆ ಬರೆಯಲಿ. ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸಿದ ಬೆಳಗ್ಗೆ ಮನೆಯಲ್ಲಿ ಯಾರು ಏನೆಂದರು? ಈ ಪ್ರಶ್ನೆಗೆ ಉತ್ತರ ಬರೆಯದ ಮಗುವನ್ನು ನಾನಿನ್ನೂ ನೋಡಿಲ್ಲ. ವಿಷಯ ಕಿರಿದಾದಷ್ಟೂ ಬರಹ ಉದ್ದವಾಗುತ್ತದೆ.

5. ಕೆಂಪು ಶಾಯಿಯನ್ನು ಉಳಿತಾಯ ಮಾಡಿ

ಎರಡನೇ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಳು: ‘ಅಜ್ಜಿ ಬಂಗುಡೆ ಕಾಯಿಸುವಾಗ ಬೆಕ್ಕು ಮಾತಾಡುದಿಲ್ಲ ಸುಮ್ನೆ ಕುಳಿತು ಅಜ್ಜಿಯ ಕೈ ನೋಡ್ತದೆ.’ ಆ ಸಾಲಿಗೆ ನಾಲ್ಕು ಕೆಂಪು ಗುರುತು ಬಿದ್ದವು. ಹಾಕಿದವನು ನಾನೇ. ಮುಂದಿನ ವಾರ ಅವಳು ಬರೆದದ್ದು: ‘ಇದು ಬೆಕ್ಕು. ಬೆಕ್ಕು ಬಿಳಿ.’ ತಪ್ಪು ಒಂದೂ ಇರಲಿಲ್ಲ. ಅಜ್ಜಿಯ ಕೈ ನೋಡುತ್ತ ಕೂತ ಆ ಬೆಕ್ಕು ಮಾತ್ರ ಮತ್ತೆ ಬರಲೇ ಇಲ್ಲ.

ಅಂದಿನಿಂದ ಒಂದು ಬರಹಕ್ಕೆ ಒಂದೇ ಬಗೆಯ ತಪ್ಪು ತಿದ್ದುತ್ತೇನೆ. ಈ ವಾರ ಪೂರ್ಣವಿರಾಮ, ಮುಂದಿನ ವಾರ ಒತ್ತಕ್ಷರ. ಅದಕ್ಕೂ ಮೊದಲು ಮಗು ಬರೆದ ವಿಷಯಕ್ಕೆ ಒಂದು ಸಾಲು ಉತ್ತರ ಬರೆಯುತ್ತೇನೆ: ‘ಅಜ್ಜಿ ಬೆಕ್ಕಿಗೆ ತಲೆ ಕೊಟ್ಟರಾ, ಬಾಲ ಕೊಟ್ಟರಾ?’ ಉತ್ತರ ಬರೆಯುವ ನೆಪದಲ್ಲಿ ಇನ್ನೆರಡು ಸಾಲು ಸೇರುತ್ತವೆ.

6. ಕಾಪಿ, ಉಕ್ತಲೇಖನ ಇರಲಿ

ಅಕ್ಷರ ದುಂಡಾಗಲು, ಕೈ ಪಳಗಲು ಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಅದನ್ನೇ ಬರವಣಿಗೆ ಎಂದು ಕರೆಯಬೇಡಿ. ಶಿಕ್ಷೆಯಾಗಿ ಇಂಪೊಸಿಷನ್ ಬರೆಸುವುದನ್ನಂತೂ ಇವತ್ತೇ ನಿಲ್ಲಿಸಿ.

7. ನೀವೂ ಬರೆಯಿರಿ

ಮಕ್ಕಳು ಬರೆಯುವಾಗ ನೀವೂ ಕೂತು ಅದೇ ವಿಷಯ ಬರೆಯಿರಿ. ಹೊಡೆದು ಹಾಕಿ, ಮತ್ತೆ ಬರೆಯಿರಿ. ದೊಡ್ಡವರೂ ಹೊಡೆದು ಹಾಕುತ್ತಾರೆ ಎಂಬುದು ಮಕ್ಕಳಿಗೆ ಕಾಣಲಿ.

8. ಓದುವವರನ್ನು ಹುಡುಕಿಕೊಡಿ

ಟೀಚರ್ ಒಬ್ಬರೇ ಓದಿ ಸಹಿ ಹಾಕುವ ಬರಹದಲ್ಲಿ ಜೀವ ಕಡಿಮೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟದ್ದು ಇದೇ ಊರಿನಿಂದ, 1843ರ ಜುಲೈ 1ರಂದು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಎಂದರೆ ಅಚ್ಚಿನ ಮೊಳೆ ಜೋಡಿಸಿದ್ದಲ್ಲ. ಕೈಬರಹವೇ ಕಲ್ಲಿಗೆ ಇಳಿದು ಪತ್ರಿಕೆಯಾದದ್ದು. ಇದನ್ನು ಮಕ್ಕಳಿಗೆ ಹೇಳಿ, ಅವರ ಕೈಬರಹಕ್ಕೂ ಒಂದು ಪತ್ರಿಕೆ ಕೊಡಿ. ಒಂದು ಡ್ರಾಯಿಂಗ್ ಶೀಟ್ ಸಾಕು. ಧಕ್ಕೆಯ ಹುಡುಗ ಬೋಟಿನ ಸುದ್ದಿ ಬರೆಯಲಿ, ಇನ್ನೊಬ್ಬಳು ಶಾಲೆಯ ಹಿಂದಿನ ಹಲಸಿನ ಮರದಲ್ಲಿ ಕಾಯಿ ಎಷ್ಟಿವೆ ಎಂದು ಎಣಿಸಿ ಬರೆಯಲಿ. ಬಿಸಿಯೂಟದ ಅಕ್ಕಂದಿರು ಓದುವಂತೆ ಅಡುಗೆಕೋಣೆಯ ಹೊರಗೆ ಅಂಟಿಸಿ.

ಬರುವ ಜುಲೈ 1 ಪತ್ರಿಕಾ ದಿನ. ಆ ಹೊತ್ತಿಗೆ ಬೋಟುಗಳೆಲ್ಲ ದಡದಲ್ಲಿರುತ್ತವೆ, ಮಳೆ ಹಿಡಿದಿರುತ್ತದೆ, ಶಾಲೆ ಶುರುವಾಗಿ ತಿಂಗಳಾಗಿರುತ್ತದೆ. ನಿಮ್ಮ ತರಗತಿಯ ಮೊದಲ ಸಂಚಿಕೆ ಅಂದೇ ಗೋಡೆಗೇರಲಿ.